ಟೊಮೆಟೊಗೆ ಟಿಎಂಟಿ ಅಂತ ಬರೆದು ಕಳೆದುಕೊಂಡ ದುಡ್ಡು

ಕೋಲಾರದ ಹತ್ತಿರ ನಮ್ಮ ನರ್ಸರಿ. ಸಸಿ ರೆಡಿಯಾದಾಗ ರೈತರಿಗೆ ಎಸ್‌ಎಂಎಸ್ ಹಾಕುತ್ತೇವೆ. ಮೊದಲೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಅದನ್ನೂ ಮೊಟಕು ಮಾಡಿ. ರೆಡಿಗೆ ಆರ್‌ಡಿವೈ, ಟೊಮೆಟೊಗೆ ಟಿಎಂಟಿ. ಒಬ್ಬ ಯಜಮಾನರು ಅದನ್ನು ಕಬ್ಬಿಣದ ಕಂಬಿಯ ಜಾಹೀರಾತು ಅಂತ ಅಳಿಸಿಬಿಟ್ಟರು. ಅವರ 60 ಟ್ರೇ ಸಸಿ ಉದ್ದ ಬೆಳೆದು ಬಾಗಿ ಹೋಯಿತು. ಒಂದು ಟ್ರೇಗೆ 98 ಸಸಿ, ಸಸಿಗೆ 80-90 ಪೈಸೆ, ಹತ್ತಿರ ಹತ್ತಿರ 5,000 ರೂಪಾಯಿ. ಆ ಸೀಸನ್‌ನಲ್ಲಿ ಹೀಗೇ 30 ಸಾವಿರದ ಮೇಲೆ ಹೋಯಿತು.

ಪೂರ್ತಿ ಕನ್ನಡದಲ್ಲೇ ಬರೆಯೋಣ ಅಂದೆ. ಅಣ್ಣ ಒಪ್ಪಲಿಲ್ಲ. ಇಂಗ್ಲಿಷ್‌ನಲ್ಲಿ 160 ಅಕ್ಷರ ಹಿಡಿಸುವ ಮೆಸೇಜಿನಲ್ಲಿ ಕನ್ನಡ 70 ಮಾತ್ರ. ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಅಂತ ಒಂದಕ್ಷರ ಬರೆದರೆ ಆರು ಖರ್ಚು! ಇಲ್ಲಿ ಮನೆಮಾತು ತೆಲುಗು ಆದವರು ಜಾಸ್ತಿ, ಯಾರು ಓದುತ್ತಾರೆ ಅಂತಲೂ ಕೇಳಿದ. ಆದರೆ ಅವರೂ ಶಾಲೆಯಲ್ಲಿ ಓದಿದ್ದು ಕನ್ನಡವೇ ಅಲ್ವಾ?

ಮೊದಲ ಸಲ ನಾನೇ ಕೆಟ್ಟೆ. ‘ಸಿದ್ಧವಾಗಿದೆ, ದಯವಿಟ್ಟು ಬಂದು ತೆಗೆದುಕೊಂಡು ಹೋಗಿ’ ಅಂತೆಲ್ಲ ಬರೆದು ಒಂದು ಮೆಸೇಜಿಗೆ ಮೂರರ ದುಡ್ಡು ಬಿತ್ತು. ಡಿಎಲ್‌ಟಿಯಲ್ಲಿ, ಅಂದರೆ ವ್ಯಾಪಾರದ ಎಸ್‌ಎಂಎಸ್ ಒಕ್ಕಣೆಗೆ ಮೊದಲೇ ಒಪ್ಪಿಗೆ ಪಡೆಯಬೇಕಾದ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ, ಟೆಂಪ್ಲೇಟ್ ಬದಲಿಸಿ ಮತ್ತೆ ಒಪ್ಪಿಗೆ ಪಡೆಯೋದರಲ್ಲಿ ಎರಡು ವಾರ ಹೋಯಿತು. ಆಮೇಲೆ ಹೊಳೆಯಿತು: ಪದ ಕತ್ತರಿಸಬಾರದು, ಚಿಕ್ಕ ಪದ ಹುಡುಕಬೇಕು. ‘ಸಿದ್ಧವಾಗಿದೆ’ಗೆ 11 ಬೇಕು, ‘ರೆಡಿ’ಗೆ ನಾಲ್ಕೇ ಸಾಕು. ಈಗ ಹೋಗುವುದು ಇದು: ‘ನಿಮ್ಮ ಟೊಮೆಟೊ ಸಸಿ ರೆಡಿ. 18 ಶನಿವಾರ ಸಂಜೆಯೊಳಗೆ ಬನ್ನಿ.’ ಇದಕ್ಕೆ 49 ಸಾಕು. ಉಳಿದದ್ದರಲ್ಲಿ ನರ್ಸರಿ ಹೆಸರು ಕೂತಿತು. ಒಂದೇ ಮೆಸೇಜು, ಹಳೇ ಖರ್ಚೇ!

ನಡುವೆ ವಾಟ್ಸ್‌ಆಪ್‌ನಲ್ಲಿ ವಾಯ್ಸ್ ಕಳಿಸಿಯೂ ನೋಡಿದೆ. ಕೇಳುತ್ತಾರೆ, ತಾರೀಖು ಮರೆಯುತ್ತಾರೆ. ಬರೆದದ್ದಾದರೆ ಮನೆಯವರಿಗೂ ತೋರಿಸುತ್ತಾರೆ. ಹಳೇ ಕೀಪ್ಯಾಡ್ ಫೋನಿನ ಹತ್ತು-ಹನ್ನೆರಡು ಜನರಿಗೆ ಕನ್ನಡ ಬದಲು ಬರೀ ಡಬ್ಬಿ ಕಾಣಿಸಿತು. ಅವರಿಗೆ ಈಗಲೂ ಫೋನ್ ಮಾಡುತ್ತೇನೆ.

ಮೊದಲು ನೂರಕ್ಕೆ 60 ಜನ ಹೇಳಿದ ದಿನ ಬರುತ್ತಿದ್ದರು. ಈಗ 90ರ ಹತ್ತಿರ. ಕಳೆದ ಸೀಸನ್‌ನಲ್ಲಿ ಬಿಸಾಡಿದ ಸಸಿ 2,000 ದಾಟಲಿಲ್ಲ. ನಮ್ಮ ಕಡೆ ಇಷ್ಟು ಕಡಿಮೆ ಯಾರದೂ ಇಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ. ಯಾವ ಹೊತ್ತಿಗೆ ಕಳಿಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಮುಂದೆ ಟ್ರೇ ಲೆಕ್ಕವನ್ನೂ ಅದರೊಳಗೇ ಸೇರಿಸಬೇಕು. ‘ಮೆಣಸಿನಕಾಯಿ’ಯೇ 10 ತಿನ್ನುತ್ತದೆ. ಅದಕ್ಕೆ ಜಾಗ ಹುಡುಕುತ್ತಿದ್ದೇನೆ.