ಹೊಸ ಥೂಜಾ ಬೇಲಿ ಮೊದಲ ಚಳಿಗಾಲ ದಾಟಿದ್ದು ಹೀಗೆ

ಥೂಜಾ ಅಂದರೆ ಬೇಲಿಗೆ ನೆಡುವ, ವರ್ಷವಿಡೀ ಹಸಿರಾಗಿರುವ ಗಿಡ. ನೆಲ ಹೆಪ್ಪುಗಟ್ಟುವ ಚಳಿ ಹತ್ತಿರ ಬಂದಾಗಲೂ ನಾನು ಈ ಗಿಡಗಳಿಗೆ ನೀರು ಬಿಡುತ್ತಿದ್ದೆ. ನೋಡಿದವರೆಲ್ಲ ಬೇಡ ಅಂದರು. ಬೇರು ಕೊಳೆಯುತ್ತದೆ, ನೀರು ಗಡ್ಡೆ ಕಟ್ಟಿ ಬೇರನ್ನೇ ಸೀಳುತ್ತದೆ ಅಂತ ಹೆದರಿಸಿದರು. ಈಗ ವಸಂತ ಬಂದಿದೆ, ಬೇಲಿ ಹಸಿರಾಗಿ ನಿಂತಿದೆ. ಅವರೇ ಬಂದು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

ಹಿಂದಿನ ಚಳಿಗಾಲಗಳಲ್ಲಿ ಹೊಸ ಗಿಡಗಳಲ್ಲಿ ಸುಮಾರು ಮೂರರಲ್ಲೊಂದು ಹೋಗುತ್ತಿತ್ತು. ಆಳೆತ್ತರದ ಗಿಡ, ಸಣ್ಣ ದುಡ್ಡಲ್ಲ. ಕೊರೆಯುವ ಚಳಿಯಲ್ಲಿ ಹಸಿರಾಗೇ ಇದ್ದವು ಬಿಸಿಲೇರಿದ ಮೇಲೆ ನೈಋತ್ಯದ ಬದಿಯಿಂದ ಕಂದಾಗುತ್ತಿದ್ದವು. ಒಂದು ಗಿಡದಲ್ಲಿ ಹಿಮ ಮುಚ್ಚಿದ್ದ ಮಟ್ಟದವರೆಗೆ ಹಸಿರು, ಅದರ ಮೇಲೆ ಗೆರೆ ಎಳೆದ ಹಾಗೆ ಕಂದು. ಅಲ್ಲಿಗೆ ನನಗೆ ಖಾತ್ರಿಯಾಯಿತು. ಬಿಸಿಲು, ಗಾಳಿಗೆ ಎಲೆ ನೀರು ಕಳೆದುಕೊಳ್ಳುತ್ತದೆ, ಹೆಪ್ಪುಗಟ್ಟಿದ ನೆಲದಿಂದ ಬೇರಿಗೆ ಎಳೆಯೋಕೆ ಆಗಲ್ಲ. ಗಿಡ ಒಣಗಿಯೇ ಸಾಯುತ್ತಿತ್ತು.

ಅದಕ್ಕೂ ಮೊದಲು ಪ್ಲಾಸ್ಟಿಕ್ ಹಾಳೆ ಸುತ್ತಿ ನೋಡಿದ್ದೆ. ಹಗಲು ಒಳಗೆ ಕಾವು, ರಾತ್ರಿ ಒಮ್ಮೆಲೇ ಕೊರೆತ. ಎಲೆ ಇನ್ನೂ ಬೇಗ ಸುಟ್ಟಿತು. ಆಮೇಲೆ ಎಲೆಯಿಂದ ನೀರು ಆರದಂತೆ ಪದರ ಕಟ್ಟುವ ಸ್ಪ್ರೇ. ಅದು ಬಿಸಿಲಿಗೆ ಕಳಚುತ್ತದೆ, ಮತ್ತೆ ಹೊಡೆಯೋಣ ಅಂದರೆ ಬೆಚ್ಚನೆಯ ಒಣ ದಿನ ಸಿಗಬೇಕು. ನೀಲಿ ಛಾಯೆಯ ಸೂಜಿಎಲೆಯ ಮರ ನೀಲಿ ಸ್ಪ್ರೂಸ್‌ಗಂತೂ ಹೊಡೆಯಲೇಬೇಡಿ, ಆ ನೀಲಿಯೇ ಹೊರಟುಹೋಗುತ್ತದೆ. ಇವೆರಡಕ್ಕೆ ಸುರಿದ ದುಡ್ಡಲ್ಲಿ ಅರ್ಧ ಬೇಲಿ ಹೊಸದಾಗಿ ನೆಡಬಹುದಿತ್ತು.

ಈ ಸಲ ನೆಲ ಹೆಪ್ಪುಗಟ್ಟೋಕೆ ಎರಡು ತಿಂಗಳು ಮೊದಲೇ ನೆಟ್ಟೆ. ಗೊಬ್ಬರ ಕೊಡಲಿಲ್ಲ, ತಡವಾಗಿ ಬಂದ ಎಳೆ ಚಿಗುರು ಚಳಿಗೆ ನಿಲ್ಲಲ್ಲ. ನೀರು ವಾರಕ್ಕೆ ಗಿಡಕ್ಕೆ ಒಂದೆರಡು ಬಕೆಟ್, ಬೇರುಮುದ್ದೆಯ ಮೇಲೇ, ಅಂದರೆ ಗಿಡದ ಜೊತೆ ಬಂದ ಬೇರು ತುಂಬಿದ ಮಣ್ಣಿನ ಉಂಡೆಯ ಮೇಲೆ. ಸುತ್ತಲಿನ ಮಣ್ಣು ಒದ್ದೆ ಇದ್ದರೂ ಮುದ್ದೆಯ ಒಳಗೆ ಒಣಗಿರಬಹುದು. ತೆಳು ಕಂಬಿ ಚುಚ್ಚಿ ಹೊರಗೆ ತೆಗೆಯಿರಿ. ತುದಿಗೆ ಮಣ್ಣು ಅಂಟದೆ ಪುಡಿ ಉದುರಿದರೆ ನೀರು ಸಾಲದು. ಎಷ್ಟು ನಿಧಾನ ಬಿಡಬೇಕು, ಯಾವ ಹೊತ್ತಿಗೆ ಅನ್ನೋದರಲ್ಲಿ ನನ್ನದೇ ಒಂದು ಲೆಕ್ಕವಿದೆ, ಅದು ನನ್ನ ಹತ್ತಿರವೇ ಇರಲಿ.

ಮರದ ಚಕ್ಕೆಯ ಹೊದಿಕೆ ಮೂರು ಇಂಚು, ಕಾಂಡದಿಂದ ನಾಲ್ಕು ಬೆರಳು ಬಿಟ್ಟು. ತಾಗಿಸಿದರೆ ಇಲಿ ಸೇರಿಕೊಂಡು ತೊಗಟೆ ಕಡಿಯುತ್ತದೆ. ಹಳೇ ಗೋಣಿಚೀಲ ಬಿಚ್ಚಿ ಹೊಲಿದು, ಗೂಟ ನೆಟ್ಟು, ಗಾಳಿ ಬರುವ ಬದಿಗೂ ನೈಋತ್ಯಕ್ಕೂ ಪರದೆ ಕಟ್ಟಿದೆ. ಎಲೆಗೆ ತಾಗಬಾರದು, ಮೇಲೆ ಮುಚ್ಚಬಾರದು. ಗೂಟ, ದಾರ ಬಿಟ್ಟರೆ ಖರ್ಚೇ ಇಲ್ಲ.

ಮೂಲೆಯ ಕೆಲವು ಗಿಡಗಳ ಮೇಲೆ ಸುಮ್ನೆ ಒಂದು ಪರೀಕ್ಷೆಯನ್ನೂ ಮಾಡಿದೆ. ಕೆಲವಕ್ಕೆ ನೀರು ಕೊಟ್ಟು ಗೋಣಿ ಕಟ್ಟಲಿಲ್ಲ, ಕೆಲವಕ್ಕೆ ಗೋಣಿ ಕಟ್ಟಿ ನೀರು ಬಿಡಲಿಲ್ಲ. ನೀರು ಕುಡಿದವಕ್ಕೆ ಗಾಳಿಯ ಬದಿ ತುದಿ ಮಾತ್ರ ಸುಟ್ಟಿದೆ. ಗೋಣಿಯೊಳಗೆ ಬಾಯಾರಿದ್ದವು ಜಾಸ್ತಿ ಕಂದಾಗಿವೆ. ಎರಡರಲ್ಲಿ ಒಂದನ್ನೇ ಮಾಡೋಕೆ ಸಮಯವಿದ್ದರೆ ನೀರನ್ನೇ ಆರಿಸಿ.

ಕಂದಾದವನ್ನು ನಾನಿನ್ನೂ ಕಿತ್ತಿಲ್ಲ. ರೆಂಬೆಯನ್ನು ಉಗುರಲ್ಲಿ ಕೆರೆದಾಗ ಒಳತೊಗಟೆ ಹಸಿರಾಗಿದ್ದರೆ ಚಿಗುರುವ ಸಾಧ್ಯತೆ ಇದೆ. ಹೊಸ ಚಿಗುರು ಎಲ್ಲಿವರೆಗೆ ಬರುತ್ತೆ ಅಂತ ನೋಡಿಕೊಂಡು ಆಮೇಲೇ ಕತ್ತರಿ ಹಾಕುತ್ತೇನೆ.