ಬಾಟಲಿ ರಾಕೆಟ್ಟಿಗೆ ರೆಕ್ಕೆ ಎಷ್ಟು ದೊಡ್ಡದಿರಬೇಕು?

ಕುಷ್ಟಗಿ ಕಡೆಯ ನಮ್ಮ ಹೈಸ್ಕೂಲ್ ಮಕ್ಕಳ ಜೊತೆ ನಾನು ಹಾರಿಸುವುದು ನೀರಿನ ರಾಕೆಟ್. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ, ಅದರ ಮೂರನೇ ಒಂದು ಭಾಗ ನೀರು, ಸೈಕಲ್ ಪಂಪಿನಿಂದ 4 ಬಾರ್ ಗಾಳಿ. ಮದ್ದು ಮುಟ್ಟುವ ಗೋಜಿಲ್ಲ. ಆದರೆ ನೆಟ್ಟಗೆ ಹೋಗಬೇಕಾದರೆ ಇದಕ್ಕೂ ದೊಡ್ಡ ರಾಕೆಟ್ಟಿನ ನಿಯಮವೇ: ಗುರುತ್ವ ಕೇಂದ್ರ ಮುಂದೆ, ಗಾಳಿಯ ಒತ್ತಡದ ಕೇಂದ್ರ (ಗಾಳಿಯ ಬಲವೆಲ್ಲ ಒಟ್ಟಾಗಿ ಬಿದ್ದಂತಿರುವ ಬಿಂದು) ಹಿಂದೆ. ಎರಡರ ನಡುವೆ ಬಾಟಲಿಯ ಒಂದು ವ್ಯಾಸದಷ್ಟಾದರೂ ಅಂತರ ಬೇಕು. ಅದೇ ಒಂದು ಕ್ಯಾಲಿಬರ್.

ಈ ಲೆಕ್ಕಕ್ಕೆ ನಾನು ಬಳಸುವುದು ಓಪನ್‌ರಾಕೆಟ್. ಫಿನ್ಲೆಂಡಿನ ಸಾಂಪೊ ನಿಸ್ಕನೆನ್ 2009ರಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಬರೆದ ಉಚಿತ ತಂತ್ರಾಂಶ ಅದು. ಒತ್ತಡ ಕೇಂದ್ರ ಹುಡುಕಲು ಅದು ನಾಸಾದ ಎಂಜಿನಿಯರ್ ಜೇಮ್ಸ್ ಬ್ಯಾರೋಮನ್ 1960ರ ದಶಕದಲ್ಲಿ ಕೊಟ್ಟ ಸೂತ್ರಗಳನ್ನು ಆಧರಿಸುತ್ತದೆ. ನೀರಿನ ನೂಕುಬಲ ಅದರ ಮೋಟಾರ್ ಪಟ್ಟಿಯಲ್ಲಿಲ್ಲ, ಹಾಗಾಗಿ ಎತ್ತರದ ಆಸೆ ಬಿಟ್ಟು ಬರೀ ಚಿತ್ರ ನೋಡುತ್ತೇನೆ. ನೀಲಿ ಗುರುತು ಗುರುತ್ವ ಕೇಂದ್ರ, ಕೆಂಪು ಚುಕ್ಕೆ ಒತ್ತಡ ಕೇಂದ್ರ. ಪ್ರತಿ ಭಾಗವನ್ನೂ ತೂಗಿ ಆ ತೂಕವನ್ನೇ ತುಂಬುತ್ತೇನೆ. ತಂತ್ರಾಂಶ ತಾನೇ ಊಹಿಸಿದ ತೂಕವನ್ನು ನಂಬಬಾರದು.

ನಮ್ಮ ರೆಕ್ಕೆ ಬ್ಯಾನರ್ ಅಂಗಡಿಯಲ್ಲಿ ಉಳಿದ 3 ಮಿ.ಮೀ. ಸನ್‌ಬೋರ್ಡಿನದು (ಹಗುರ ಫೋಮ್ ಹಲಗೆ), ಒಟ್ಟು ಮೂರು. ಬುಡದಲ್ಲಿ 12 ಸೆಂ.ಮೀ., ತುದಿಯಲ್ಲಿ 8, ಹೊರಚಾಚು 8. ಮೂತಿಯಲ್ಲಿ 50 ಗ್ರಾಂ ಕ್ಲೇ. ಬಾಟಲಿಯ ವ್ಯಾಸ 11 ಸೆಂ.ಮೀ. ಅಂತರ ಬಂದದ್ದು ಸುಮಾರು 0.5 ಕ್ಯಾಲಿಬರ್, ಸಾಲದು. ಹೊರಚಾಚನ್ನು 11ಕ್ಕೆ ಎಳೆದರೆ ಕೆಂಪು ಚುಕ್ಕೆ 3 ಸೆಂ.ಮೀ. ಹಿಂದೆ ಸರಿಯಿತು. ಜೊತೆಗೇ ನೀಲಿ ಗುರುತೂ ಹಿಂದೆ ಬಂತು, ಯಾಕೆಂದರೆ ಹೆಚ್ಚಿದ ರೆಕ್ಕೆಯ ತೂಕ ಬಿದ್ದದ್ದು ಬಾಲಕ್ಕೆ. ಇಷ್ಟೆಲ್ಲ ಮಾಡಿ ಸಿಕ್ಕಿದ್ದು 0.65. ಆಮೇಲೆ ಮೂತಿಗೆ ಇನ್ನೂ 50 ಗ್ರಾಂ ಸೇರಿಸಿದಾಗಲೇ ಒಂದು ಕ್ಯಾಲಿಬರ್ ಮುಟ್ಟಿತು. ರೆಕ್ಕೆ ದೊಡ್ಡದಾಗಲಿ, ಆದರೆ ಹಗುರವಾಗಿರಲಿ. ಮಕ್ಕಳಿಗೆ ನಾನು ಒತ್ತಿ ಹೇಳುವುದು ಇದನ್ನೇ. (ಮೂತಿಗೆ ನಮ್ಮ ಹೊಲದ ಎರಿ ಮಣ್ಣು ಬೇಡ. ಒಣಗಿದರೆ ತೂಕ ಇಳಿಯುತ್ತದೆ, ಬಿರಿದು ಕಳಚುತ್ತದೆ.)

ಇದೆಲ್ಲ ಖಾಲಿ ಬಾಟಲಿಯ ಲೆಕ್ಕ. ಸುಮಾರು 650 ಗ್ರಾಂ ನೀರನ್ನು ಬಾಲದ ಕಡೆ ತುಂಬಿ ನೋಡಿದರೆ ನೀಲಿ ಗುರುತು ಕೆಂಪನ್ನೂ ದಾಟಿ ಹಿಂದೆ ಹೋಗುತ್ತದೆ. ಕಾಗದದ ಮೇಲೆ ಆ ರಾಕೆಟ್ ಪಲ್ಟಿ ಹೊಡೆಯಬೇಕು. ಆದರೆ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿಯಾಗುತ್ತದೆ, ಅಷ್ಟು ಹೊತ್ತು ದಾರಿ ಹಿಡಿಸಲು ಉದ್ದನೆಯ ನೇರ ಸರಳು ಸಾಕು. ಹೀಗಾಗಿ ನೀರಿರುವಾಗಿನ ಸ್ಥಿರತೆಯನ್ನು ರೆಕ್ಕೆಯಿಂದ ಗಳಿಸಲು ಹೋಗದೆ ಸರಳಿಗೆ ಬಿಟ್ಟಿದ್ದೇನೆ.

"ಸರ, ಇನ್ನೂ ದೊಡ್ಡ ರೆಕ್ಕಿ ಹಚ್ಚೂಣ್ರಿ, ಭಾಳ ಗಟ್ಟಿ ನಿಂದರತೈತಿ" ಅಂತ ಹುಡುಗರು ಕೇಳುವುದುಂಟು. ಅಂತರ ಅತಿಯಾದರೆ ರಾಕೆಟ್ ಗಾಳಿ ಬರುವ ದಿಕ್ಕಿಗೇ ಮೂತಿ ತಿರುಗಿಸಿ ಅಡ್ಡ ಓಡುತ್ತದೆ. ಗಾಳಿಯಂತ್ರಗಳು ನಿಂತಿರುವ ಸೀಮೆ ನಮ್ಮದು. ಆಷಾಢದಲ್ಲಂತೂ ಹೊತ್ತು ಏರುವ ಮುಂಚೆಯೇ ಹಾರಿಸಬೇಕು. ಒಂದರಿಂದ ಒಂದೂವರೆ ಕ್ಯಾಲಿಬರ್ ಒಳಗೇ ನಾನು ನಿಲ್ಲುತ್ತೇನೆ.

ಕೊನೆಗೆ ದಾರದ ಪರೀಕ್ಷೆ. ಖಾಲಿ ರಾಕೆಟ್ ಸಮತೂಗುವ ಜಾಗಕ್ಕೆ ದಾರ ಕಟ್ಟಿ ತಲೆಯ ಸುತ್ತ ಬೀಸುತ್ತೇವೆ. ಮೂತಿ ಮುಂದಾಗಿ ಸುತ್ತಿದರೆ ಸರಿ. ಅಡ್ಡವಾಗಿ ತಿರುಗಿದರೆ ಮತ್ತೆ ಕ್ಲೇ ಸೇರಿಸುತ್ತೇವೆ, ಆಮೇಲೆಯೇ ಪಂಪಿಗೆ ಕೈ.