ಬೂಟು ಬಿಟ್ಟು ಬೆಟ್ಟ ಹಿಡಿದೆ: ಮಕ್ಕಳಿಗೆ ಇಟಲಿ ಕಲಿಸಿದ ಬಗೆ

ಹಲಗೆಯ ಮೇಲೆ ಬೆಟ್ಟ-ಬಯಲು ಸಮೇತ ಎಂಟಡಿಯ ಇಟಲಿ ನಕ್ಷೆ ಮಾಡಿ, ಅದರ ಮೇಲೆ ನೀರು ಹುಯ್ದು ಪಾಠ ಮಾಡುತ್ತೇನೆ ಎಂದಾಗ ಇಟಾಲಿಯನ್ ಕಲಿಸುವ ಗೆಳೆಯರು ನಕ್ಕರು. ಎಂಟು-ಹತ್ತು ವರ್ಷದವರಿಗೆ ಪಿಜ್ಜಾ, ಪೀಸಾ ಗೋಪುರ, ಫುಟ್‌ಬಾಲ್ ಸಾಕು ಎನ್ನುವುದು ಅವರ ಲೆಕ್ಕ. ಆ ಮೂರನ್ನೂ ಮೂರು ಬ್ಯಾಚಿಗೆ ಮಾಡಿ ಸೋತ ಮೇಲೆಯೇ ನಾನು ಮರದ ಅಂಗಡಿಗೆ ಹೋಗಿದ್ದು. ಲ್ಯಾಮಿನೇಟ್ ಮಾಡಿಸಿದ ಚಿತ್ರಗಳಿಗೆ ಎರಡೂವರೆ ಸಾವಿರದ ಹತ್ತಿರ ಹಾಕಿದ್ದೆ. ಎಂಟು ವಾರ ಕಳೆದರೂ ಮಕ್ಕಳ ತಲೆಯಲ್ಲಿ ಇಟಲಿ ಅಂದರೆ ಒಂದು ಬೂಟು, ಅದರೊಳಗೊಂದು ಓರೆ ಗೋಪುರ. ವೆನಿಸ್ ಎಲ್ಲಿದೆ ಎಂದರೆ ಹಿಮ್ಮಡಿಗೆ ಬೆರಳು. ಬೂಟಿನ ಹೋಲಿಕೆ ಒಂದು ದಿನಕ್ಕೆ ಚೆಂದ, ಆಮೇಲೆ ಅದೇ ಅಡ್ಡಗಾಲು. ದೇಶದ ಹೆಚ್ಚುಕಮ್ಮಿ ಅರ್ಧ ಜನ ಇರುವ ಉತ್ತರ ಭಾಗ ಬೂಟಿನ ಬಾಯಿಯಾಗಿ ಮರೆತೇ ಹೋಗುತ್ತದೆ.

ಅಳತೆ ಹೀಗಿಟ್ಟೆ: ಒಂದು ಸೆಂ.ಮೀ.ಗೆ ಐದು ಕಿ.ಮೀ. ಆಲ್ಪ್ಸ್ ತುದಿಯಿಂದ ಸಿಸಿಲಿಯ ಕೆಳಗಿನ ಮೂಲೆವರೆಗೆ 232 ಸೆಂ.ಮೀ., ಅಗಲ ಸುಮಾರು 196. ಎಂಟಡಿ-ನಾಲ್ಕಡಿಯ ಆರು ಎಂ.ಎಂ. ಪ್ಲೈವುಡ್ ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಸರಿಯಾಗಿ ಕೂರುತ್ತದೆ. ಲಾಂಪೆದೂಸಾ ದ್ವೀಪ ಮಾತ್ರ ಹೊರಗುಳಿಯುತ್ತದೆ, ಅದನ್ನು ಬೇರೆ ತುಂಡಾಗಿ ಇಡಬೇಕು. ನಕ್ಷೆಯನ್ನು ನಡುಮಧ್ಯಕ್ಕೆ ಬರೆದರೆ ಎರಡು ಹಾಳೆಯ ಜೋಡಣೆ ಹೆಚ್ಚುಕಮ್ಮಿ ರೋಮಿನ ಮೇಲೆಯೇ ಬರುತ್ತದೆ, ವೆನಿಸ್ಸಿಗೂ ತಾಗುತ್ತದೆ. ಇದನ್ನು ಬರೆದು ಮುಗಿಸಿದ ಮೇಲೆ ನೋಡಿದೆ. ಇಡೀ ನಕ್ಷೆಯನ್ನು ಎಂಟು ಸೆಂ.ಮೀ. ಪೂರ್ವಕ್ಕೆ ಸರಿಸಿ ಬರೆಯಿರಿ, ರಾಜಧಾನಿ ಸೀಳುವುದಿಲ್ಲ.

ಎತ್ತರಕ್ಕೆ ಇದೇ ಅಳತೆ ಇಟ್ಟರೆ ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೊಂತೆ ಬಿಯಾಂಕೊ (ಮಾಂಟ್ ಬ್ಲಾಂಕ್) ಒಂದು ಸೆಂ.ಮೀ.ಗೂ ಬರುವುದಿಲ್ಲ. ಹತ್ತು ಪಟ್ಟು ಹಿಗ್ಗಿಸಿದೆ. ಆಗ ಅದು ಒಂಬತ್ತೂವರೆ ಸೆಂ.ಮೀ., ಸಿಸಿಲಿಯ ಜ್ವಾಲಾಮುಖಿ ಎತ್ನಾ ಆರೂಮುಕ್ಕಾಲರ ಆಸುಪಾಸು, ದೇಶದ ಉದ್ದಕ್ಕೂ ಹಬ್ಬಿದ ಅಪೆನ್ನೀನಿ ಬೆಟ್ಟಸಾಲಿನ ಎತ್ತರದ ತಲೆ ಗ್ರಾನ್ ಸಾಸ್ಸೊ 5.8, ಹೆಸರಾಂತ ಜ್ವಾಲಾಮುಖಿ ವೆಸೂವಿಯೊ ಬರೀ ಎರಡೂವರೆ. ವೆಸೂವಿಯೊ ಇಷ್ಟು ಚಿಕ್ಕದಾ ಎಂದು ಮಕ್ಕಳೇ ಕೇಳಬೇಕು, ಕೇಳುತ್ತಾರೆ. ಹಿಗ್ಗಿಸಿದ್ದನ್ನು ಮುಚ್ಚಿಡಬೇಡಿ. ಒಂದು ರಟ್ಟಿನ ಮೇಲೆ ನಿಜ ಅಳತೆಯ ಆಲ್ಪ್ಸ್ ಅಂಟಿಸಿ ಪಕ್ಕದಲ್ಲಿಡಿ.

ಬೆಟ್ಟ ಕಟ್ಟುವ ವಸ್ತುವಿನಲ್ಲಿಯೇ ಹಣ ಕರಗಿದ್ದು. ಮೊದಲು ಪ್ಲಾಸ್ಟರ್ ಆಫ್ ಪ್ಯಾರಿಸ್. ಎತ್ತಲು ಮೂವರು ಬೇಕು, ತೆಳು ಪ್ಲೈ ಬಗ್ಗಿದೊಡನೆ ಅಪೆನ್ನೀನಿ ಉದ್ದಕ್ಕೂ ಬಿರುಕು. ಸಾಗಿಸಿದ ಟೆಂಪೋ ಬಾಡಿಗೆ ಸೇರಿ ಮೂರು ಸಾವಿರ ಹೋಯಿತು. ಆಮೇಲೆ ಪುಸ್ತಕಗಳೆಲ್ಲ ಹೇಳುವ ಉಪ್ಪು-ಮೈದಾ ಹಿಟ್ಟು, ಎರಡಕ್ಕೆ ಒಂದು ಉಪ್ಪು, ಒಂದು ನೀರು. ಬೇಸಿಗೆಯಲ್ಲಿ ಕಲ್ಲಿನಂತಿತ್ತು. ಜುಲೈ ಮಳೆಗೆ ಉಪ್ಪು ತೇವ ಹೀರಿ ಸಿಸಿಲಿ ಮೆತ್ತಗಾಯಿತು, ಮೇಲೆ ಬೂಷ್ಟು. ನಮ್ಮ ಹವೆಗೆ ಅದು ಆಗದು.

ಕೊನೆಗೆ ಕೈಹಿಡಿದದ್ದು ಹಳ್ಳಿಮನೆಗಳಲ್ಲಿ ಮೊರ-ಬುಟ್ಟಿಗೆ ಬಳಿಯುವ ಮೆಂತ್ಯ-ಕಾಗದ. ಎರಡು ಕೆ.ಜಿ. ಹಳೇ ಪೇಪರು ಹರಿದು ಎರಡು ದಿನ ನೆನೆಸಿ, ಹಿಂಡಿ, ರುಬ್ಬಿ, ರಾತ್ರಿ ನೆನೆಸಿದ 200 ಗ್ರಾಂ ಮೆಂತ್ಯ ಅರೆದು ಸೇರಿಸಿ, ಫೆವಿಕಾಲ್ ಅರ್ಧ ಕೆ.ಜಿ. ಇನ್ನೊಂದು ಪುಡಿಯೂ ಹಾಕುತ್ತೇನೆ, ಅದನ್ನು ಇಲ್ಲಿ ಹೇಳುವುದಿಲ್ಲ. ಅದಿಲ್ಲದೆಯೂ ಬೆಟ್ಟ ನಿಲ್ಲುತ್ತದೆ. ಒಂದೇ ಸಲ ದಪ್ಪ ಹಾಕಿದರೆ ಒಳಗೆ ಒಣಗದೆ ಹುಳಿವಾಸನೆ. ಒಂದೂವರೆ ಸೆಂ.ಮೀ. ಪದರ, ಎರಡು ದಿನ ಬಿಸಿಲು, ಮತ್ತೆ ಪದರ. ಒಣಗಿದಾಗ ಐದನೇ ಒಂದು ಪಾಲು ಕುಗ್ಗುತ್ತದೆ, ಆ ಲೆಕ್ಕದಲ್ಲಿ ಎತ್ತರ ಏರಿಸಿ. ಉಪ್ಪುಕಾಗದ ಉಜ್ಜಿ ಇನಾಮೆಲ್ ಪೇಂಟ್ ಮೂರು ಕೋಟ್. ಎರಡೇ ಕೋಟ್ ಸಾಕೆಂದವರ ಇಟಲಿ ನೀರು ಕುಡಿದು ಉಬ್ಬಿದ್ದನ್ನು ನೋಡಿದ್ದೇನೆ. ಎಲ್ಲ ಸೇರಿ ಐದೂವರೆ-ಆರು ಸಾವಿರ.

ಈಗ ನೀರು. ಇಡೀ ಪಾಠದ ಬೆನ್ನೆಲುಬು ಪೋ ನದಿ, 652 ಕಿ.ಮೀ. ಆಲ್ಪ್ಸ್ ಮೇಲೆ ಒಂದು ಲೋಟ ನೀರು ಸುರಿದರೆ ಅದು ಬಯಲಿಗಿಳಿದು, ಪೂರ್ವಕ್ಕೆ ತಿರುಗಿ, ವೆನಿಸ್ಸಿನ ದಕ್ಷಿಣಕ್ಕೆ ಸಮುದ್ರ ಸೇರಬೇಕು. ಅದಕ್ಕೆ ಬಯಲಿನ ಇಳಿಜಾರು ಸರಿಯಿರಬೇಕು: ತೊರೀನೊ (ನಾವು ಟ್ಯೂರಿನ್ ಎನ್ನುವುದು) ಸಮುದ್ರಮಟ್ಟದಿಂದ 240 ಮೀಟರ್, ಅಂದರೆ ಹಲಗೆಯಲ್ಲಿ ಐದು ಎಂ.ಎಂ., ಮಿಲಾನೊ ಎರಡೂವರೆಗೆ ಸ್ವಲ್ಪ ಕಡಿಮೆ, ಪಿಯಾಚೆನ್ತ್ಸಾ ಒಂದು ಚಿಲ್ಲರೆ, ವೆನೇತ್ಸಿಯಾ (ವೆನಿಸ್) ಸೊನ್ನೆ. ಇಷ್ಟು ಕರಾರುವಾಕ್ಕಾಗಿ ಉಜ್ಜಿಯೂ ಮೊದಲ ದಿನ ನೀರು ಮಿಲಾನೊ ಹತ್ತಿರ ಹನಿಯಾಗಿ ಕೂತುಬಿಟ್ಟಿತು. ಎಂಬತ್ತು ಸೆಂ.ಮೀ.ಗೆ ಐದು ಎಂ.ಎಂ. ಇಳಿಜಾರಿನಲ್ಲಿ ಪೇಂಟಿನ ಮೇಲೆ ನೀರು ಓಡುವುದಿಲ್ಲ. ಉಪಾಯ ಮೂರು: ನದಿಗೆ ನಾಲ್ಕು ಎಂ.ಎಂ. ತೋಡು ಕೊರೆಯುವುದು, ಪಶ್ಚಿಮದ ಅಂಚಿಗೆ ಎರಡು ಸೆಂ.ಮೀ. ಅಟ್ಟೆ ಕೊಡುವುದು, ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕುವುದು. ಮೂರನೆಯದು ಪವಾಡ. ಆದರೆ ಪಶ್ಚಿಮದ ಕಡಲಿಗೆ ಹರಿಯುವ ಆರ್ನೋ, ತೇವೆರೆ ನದಿಗಳ ಪಾಠದ ದಿನ ಅಟ್ಟೆ ತೆಗೆಯಲು ಮರೆಯಬೇಡಿ. ಇಲ್ಲದಿದ್ದರೆ ಫ್ಲಾರೆನ್ಸಿನ ನದಿ ಪೀಸಾಗೆ ಹೋಗುವ ಬದಲು ಬೆಟ್ಟ ಹತ್ತಲು ನೋಡುತ್ತದೆ.

ನೀರು ಒಮ್ಮೆ ಹರಿದ ಮೇಲೆ ಊಟದ ಪಾಠಕ್ಕೆ ವಿವರಣೆಯೇ ಬೇಡ. ಪೋ ಬಯಲಿನ ವೆರ್ಚೆಲ್ಲಿ, ನೊವಾರಾ ಮೇಲೆ ಅಕ್ಕಿಕಾಳು, ರಿಸೊತ್ತೊ ಎಂಬ ಅನ್ನದಡುಗೆ ಅಲ್ಲಿಯದು. ಉತ್ತರದುದ್ದಕ್ಕೂ ಮೆಕ್ಕೆಜೋಳದ ಪುಡಿ, ಪೊಲೆಂತಾ. ಅದು ಮುದ್ದೆಯ ದಾಯಾದಿ, ಕೋಲಿನಿಂದ ತಿರುವುವುದೂ ಹಾಗೇ. ದಕ್ಷಿಣದ ಪೂಲ್ಯಾ, ಸಿಸಿಲಿಗಳ ಮೇಲೆ ಗಟ್ಟಿ ಗೋಧಿ. ಬೆಣ್ಣೆ ಉತ್ತರಕ್ಕೆ, ಆಲಿವ್ ಎಣ್ಣೆ ದಕ್ಷಿಣಕ್ಕೆ ಏಕೆ ಎಂಬುದಕ್ಕೆ ಹಲಗೆಯೇ ಉತ್ತರ: ಬಯಲಿನ ಚಳಿ ಆಲಿವಿಗೆ ಆಗದು, ಲಿಗೂರಿಯಾ ಕರಾವಳಿ ಮತ್ತು ಗಾರ್ದಾ ಸರೋವರದ ದಡದಂಥ ಬೆಚ್ಚಗಿನ ಕಡೆ ಉತ್ತರದಲ್ಲೂ ಬೆಳೆಯುತ್ತದೆ. ಪಿಜ್ಜಾ ಮಾಡಿಸಬೇಡಿ. ಬಾರಿ ಪಟ್ಟಣದ ಒರೆಕ್ಕಿಯೆತ್ತೆ ಪಾಸ್ತಾ ಮಾಡಿಸಿ, ಹೆಬ್ಬೆರಳಲ್ಲಿ ಒತ್ತಿದ ಪುಟ್ಟ ಕಿವಿ. ಅದಕ್ಕೆ ಬೇಕಾದ ಗಟ್ಟಿ ಗೋಧಿಯ ರವೆ ನಮ್ಮಲ್ಲೇ ಇದೆ, ಬನ್ಸಿ ರವೆ. ಅಂಗಡಿಯಿಂದ ತಂದ ಹಾಗೇ ಕಲಸಿದರೆ ಕೂಡುವುದಿಲ್ಲ, ಎರಡು ಕೆ.ಜಿ. ಹಾಳು ಮಾಡಿ ಕಲಿತದ್ದು. ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, 200 ಗ್ರಾಂಗೆ 100 ಮಿ.ಲೀ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ ನಾದಿ, ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ.

ಜ್ವಾಲಾಮುಖಿಗೆ ಸೋಡಾ-ವಿನೆಗರ್ ನೊರೆ ಬೇಡವೇ ಬೇಡ. ಪೇಂಟು ಕಿತ್ತು ಬರುತ್ತದೆ, ಮಕ್ಕಳು ಲಾವಾ ಅಂದರೆ ಸೋಪಿನ ನೊರೆ ಎಂದುಕೊಳ್ಳುತ್ತಾರೆ. ಎತ್ನಾ, ಸ್ತ್ರೋಂಬೊಲಿ ಎರಡೂ ಜ್ವಾಲಾಮುಖಿಗಳ ನಡುಮಧ್ಯಕ್ಕೆ ಕೆಳಗಿನಿಂದ ತೂತು ಕೊರೆದು ಸ್ಟೀಲ್ ನಳಿಕೆ ಕೂರಿಸಿ, ಒಳಗೆ ಊದುಬತ್ತಿ. ಹಲಗೆಯನ್ನು ಇಟ್ಟಿಗೆ ಮೇಲೆ ಏರಿಸದಿದ್ದರೆ ಗಾಳಿಯಿಲ್ಲದೆ ಆರುತ್ತದೆ. 1944ರ ನಂತರ ಸ್ಫೋಟಿಸದ ವೆಸೂವಿಯೊಗೆ ಊದುಬತ್ತಿ ಇಲ್ಲ. ಇದಕ್ಕೇಕೆ ಹೊಗೆ ಇಲ್ಲ ಎಂಬ ಪ್ರಶ್ನೆಯಿಂದ ಕ್ರಿ.ಶ. 79ರಲ್ಲಿ ಇದೇ ಬೆಟ್ಟದ ಬೂದಿಯಡಿ ಹೂತ ಪೊಂಪೇಯಿ ಪಟ್ಟಣಕ್ಕೆ ತಾನಾಗಿ ದಾರಿಯಾಗುತ್ತದೆ.

ಊರ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಸುತ್ತೇನೆ. ಇದಕ್ಕೂ ಆಕ್ಷೇಪ ಬಂದಿತ್ತು. ಆದರೆ ಇಂಗ್ಲಿಷ್ ಅಕ್ಷರ ನೋಡಿದ ಮಗು ಟೊರಿನೊ ಎನ್ನುತ್ತದೆ, ಕನ್ನಡದಲ್ಲಿ ಬರೆದರೆ ದಂತ್ಯ ತಕಾರ ಸುಮ್ಮನೆ ಬರುತ್ತದೆ. ಕತೆ-ಕತ್ತೆ ಬಲ್ಲ ಮಗುವಿಗೆ ಪಾಲಾ ಅಂದರೆ ಸಲಿಕೆ, ಪಾಲ್ಲಾ ಅಂದರೆ ಚೆಂಡು ಎಂಬ ಒತ್ತಿನ ವ್ಯತ್ಯಾಸ ಕಲಿಸುವುದೇ ಬೇಡ. ಬೊಲೊಞ್ಞಾ, ಸಾರ್ದೇಞ್ಞಾ ಬರೆಯುವಾಗ ವರ್ಣಮಾಲೆಯಲ್ಲಿ ಬಿಟ್ಟಿ ಕೂತಿದ್ದ ಞಕ್ಕೂ ಕೆಲಸ ಸಿಕ್ಕಿತು. ಕೈಕೊಡುವುದು ಪೂಲ್ಯಾದ ಲ್ಯ ಒಂದೇ. ಅದನ್ನು ಳ್ಯ ಮಾಡುತ್ತಾರೆ, ನಾಲಿಗೆ ಹಿಂದಕ್ಕೆ ಮಡಿಸದೆ ಅಂಗುಳಿಗೆ ಚಪ್ಪಟೆ ಒತ್ತಿಸಬೇಕು.

ಇಪ್ಪತ್ತು ಪ್ರಾಂತಗಳ ಬಾಯಿಪಾಠಕ್ಕೆ ಒಂದು ಅಡ್ಡ ಪ್ರಯೋಗ ಮಾಡಿದೆ. 1623ರಲ್ಲಿ ಇಕ್ಕೇರಿಗೆ ಬಂದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಹುಡುಗರು ರಾಗವಾಗಿ ಹೇಳುತ್ತ ಮರಳಿನ ಮೇಲೆ ಬೆರಳಲ್ಲಿ ಅಂಕಿ ಬರೆದು ಲೆಕ್ಕ ಕಲಿಯುವುದನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಆ ರೋಮನ್ನನ ದೇಶವನ್ನೇ ನಮ್ಮ ವಿಧಾನದಲ್ಲಿ ಬರೆಸಿದರೆ? ಸ್ಟೀಲ್ ತಟ್ಟೆಯಲ್ಲಿ ಅರ್ಧ ಸೆಂ.ಮೀ. ರಂಗೋಲಿ ಪುಡಿ, ಬೆರಳಲ್ಲಿ ಗಡಿ, ಬಾಯಲ್ಲಿ ಎಂಟು-ನಾಲ್ಕು-ಆರು-ಎರಡು: ಉತ್ತರಕ್ಕೆ ಎಂಟು, ನಡುವೆ ನಾಲ್ಕು, ದಕ್ಷಿಣಕ್ಕೆ ಆರು, ದ್ವೀಪ ಎರಡು. ಹತ್ತು ವಾರದ ಕೊನೆಗೆ ಹನ್ನೆರಡು ಮಕ್ಕಳಲ್ಲಿ ಒಂಬತ್ತು ಮಂದಿ ಇಪ್ಪತ್ತನ್ನೂ ಜಾಗಕ್ಕಿಟ್ಟರು, ದೊಡ್ಡವರ ಬ್ಯಾಚಿನಲ್ಲಿ ಅಷ್ಟು ಆಗಿದ್ದಿಲ್ಲ. ಯಾವ ರಾಗಕ್ಕೆ ಹೊಂದಿಸಿದೆ ಎಂಬುದು ನನ್ನಲ್ಲೇ ಇರಲಿ. ಮೋಲೀಸೆ ಪ್ರಾಂತ ಮಾತ್ರ ಮೊದಮೊದಲು ಎಲ್ಲರಿಗೂ ತಪ್ಪುತ್ತದೆ, ಬಿಡಿ.

ಅದೇ ಅಳತೆಗೆ ರೆಕ್ಸಿನ್‌ನಲ್ಲಿ ಕರ್ನಾಟಕ ಕತ್ತರಿಸಿಡಿ, 150ಕ್ಕೆ 80 ಸೆಂ.ಮೀ. ಇಟಲಿಯ ಮೇಲೆ ಹಾಸಿದರೆ ಮೂರನೇ ಎರಡು ಪಾಲಿಗಿಂತ ಸ್ವಲ್ಪ ಕಡಿಮೆ. ಜನಸಂಖ್ಯೆ ಮಾತ್ರ ಹೆಚ್ಚುಕಮ್ಮಿ ಸಮ: ಅಲ್ಲಿ 5.9 ಕೋಟಿಯ ಸುಮಾರು, ನಮ್ಮದು 2011ರಲ್ಲೇ 6.1.

ಸಮಾಜದ ಪಾಠಕ್ಕೆ ನೂರು ಅವರೆಕಾಳು ಸಾಕು. ನೂರು ಇಟಾಲಿಯನ್ನರಲ್ಲಿ 65 ದಾಟಿದವರು ಸುಮಾರು 24, ಹದಿನೈದರೊಳಗಿನವರು 12. ರಾಶಿ ಮಾಡಿಸಿ. ಒಂದು ಮಗುವಿಗೆ ಇಬ್ಬರು ಅಜ್ಜ-ಅಜ್ಜಿ ಬರುತ್ತಾರೆ. ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನೊನ್ನೊ, ನೊನ್ನಾಗಳು ಸಾಲಾಗಿ ನಿಂತಿರುವ ಚಿತ್ರವನ್ನು ಇದಾದ ಮೇಲೆ ತೋರಿಸಿ, ಮೊದಲೇ ಅಲ್ಲ. ಗೆಳೆಯರ ನಡುವಿನ ಸಲುಗೆಯ ವಂದನೆ ಚಾವ್ ಎನ್ನುವುದನ್ನು ತಡವಾಗಿ ಕಲಿಸಿ. ಮೊದಲ ದಿನವೇ ಕಲಿಸಿದರೆ ಅಂಗಡಿಯವರಿಗೂ ಹಿರಿಯರಿಗೂ ಅದನ್ನೇ ಅನ್ನುತ್ತಾರೆ. ಎಲ್ಲರಿಗೂ ಸಲ್ಲುವ ಬ್ವೊನ್‌ಜೋರ್ನೊ (ಶುಭದಿನ) ಮೊದಲು. ನೀನು-ನೀವು ಇರುವ ನಮ್ಮ ಮಕ್ಕಳಿಗೆ ತು-ಲೇಯಿ ಒಂದು ತರಗತಿಯ ಕೆಲಸ. ಗೌರವದ ಲೇಯಿ ಮೂಲದಲ್ಲಿ 'ಅವಳು' ಎಂಬುದಷ್ಟೇ ನಗು ತರಿಸುತ್ತದೆ.

ಸಿಯೆನಾ ಪಟ್ಟಣದ ಕೇರಿ-ಕೇರಿಗಳ ಕುದುರೆ ಓಟ ಪಾಲಿಯೊ, ಅದರ ಆಟ ಆಡಿಸುವವರು ಹದಿನೇಳು ಕೇರಿಗಳನ್ನೂ ತರಬೇಡಿ, ಗದ್ದಲವಾಗುತ್ತದೆ. ಅಲ್ಲೂ ಒಂದು ಓಟಕ್ಕೆ ಹತ್ತೇ ಕುದುರೆ. ನಾಲ್ಕು ಕೇರಿ ಸಾಕು: ಆಮೆ, ಬಸವನಹುಳು, ಹೆಬ್ಬಾತು, ಅಲೆ. ತನ್ನ ಕೇರಿಯ ಬಾವುಟ ಬಿಟ್ಟುಕೊಡದ ಮಗುವಿಗೆ ಸ್ವಂತ ಊರಿನ ಗಂಟೆಗೋಪುರದ ಅಭಿಮಾನ ಎಂಬ ಕಾಂಪನಿಲೀಸ್ಮೊ ಪದ ಬಿಡಿಸಿ ಹೇಳಬೇಕಾಗಿಲ್ಲ.

ಹಲಗೆ ಇಡುವಾಗ ಗೋಡೆಗೆ ಒರಗಿಸಿ, ಆಲ್ಪ್ಸ್ ಕೆಳಗೆ ಬರುವ ಹಾಗೆ. ಸಿಸಿಲಿ ಕೆಳಗಿಟ್ಟರೆ ಭಾರವೆಲ್ಲ ಎತ್ನಾದ ಬುಡಕ್ಕೆ ಬೀಳುತ್ತದೆ. ಮೂರು ಸಲ ಮುರಿದ ಮೇಲೆ ಎತ್ನಾವನ್ನು ಕೆಳಗಿನಿಂದ ಸ್ಕ್ರೂ ಹಾಕಿ ಬಿಚ್ಚುವ ಹಾಗೆ ಮಾಡಿಕೊಂಡಿದ್ದೇನೆ.